ಕತ್ತಲೆ ಕಂಟ್ರಾಕ್ಟರ್

ದೀಪದವನಿಗೆ ಆ ಹೆಸರಿಟ್ಟದ್ದು ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಎರಡು ಬಿಗಿದು ಕೈ ತೊಳೆದುಕೊಂಡಿರುತ್ತಿದ್ದ. ಇಟ್ಟದ್ದು ಒಡಹುಟ್ಟಿದ ಅಕ್ಕನ ಗಂಡ. ಕೈ ಎತ್ತುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಹಾಡುಹಗಲಲ್ಲಿ, ಮೂವರು ಗಿರಾಕಿಗಳು ನಿಂತು ನೋಡುತ್ತಿರುವಾಗ ಭಾವ ಅವನನ್ನು ಕತ್ತಲೆ ಕಂಟ್ರಾಕ್ಟರ್ ಅಂದರು. ಪಕ್ಕದಂಗಡಿಯ ದರ್ಜಿ ಕೇಳಿಸಿಕೊಂಡ. ದರ್ಜಿಯ ಕಿವಿಗೆ ಬಿದ್ದದ್ದು ಬೀದಿಗೆ ಬಿದ್ದ ಲೆಕ್ಕ. ಸಂಜೆಯೊಳಗೆ ಟೀ ಅಂಗಡಿಯವನೂ ಕೇಳಿದ, "ಏನು ಕಂಟ್ರಾಕ್ಟರೇ, ಇವತ್ತು ಎಷ್ಟು ಮನೆ ಕತ್ತಲೆ ಮಾಡಿದ್ರಿ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ ಅಂತಾರಲ್ಲ, ಅವನ ಮಾನ ಅಡಿಕೆಗೂ ಹೋಗಲಿಲ್ಲ. ಕಡಲೆ ಕಾಳಿನಷ್ಟು ದಪ್ಪದ ಒಂದು ಎಲ್‌ಇಡಿ ಬಲ್ಬಿಗೆ ಹೋಯಿತು. ಇವತ್ತಿಗೂ ಯಾರಾದರೂ ಆ ಹೆಸರು ಎತ್ತಿದರೆ ಅವನ ಕಿವಿ ಕೆಂಪಾಗುತ್ತದೆ. ಆಗಬಾರದು ಎಂದು ಅವನಿಗೇ ಗೊತ್ತು, ಆದರೂ ಆಗುತ್ತದೆ. ಅದು ಯಾಕೆ ಆಗಬಾರದು ಅನ್ನುವುದೇ ಈ ಕಥೆ.

ಅವನು ಏಳನೇ ಕ್ಲಾಸಿನವರೆಗೆ ಓದಿದವನು. ಶಾಲೆಯ ಕರೆಂಟು ಗಂಟೆ ಹೇಗೆ ಕೂಗುತ್ತದೆ ಎಂದು ನೋಡಲು ಅದನ್ನು ಬಿಚ್ಚಿದ. ಬಿಚ್ಚಲು ಬಂತು, ಮುಚ್ಚಲು ಬರಲಿಲ್ಲ. ಮೇಷ್ಟ್ರು ಅವತ್ತು ಗಂಟೆ ಬಾರಿಸುವ ಬದಲು ಅವನನ್ನೇ ಬಾರಿಸಿದರು. ಮಾರನೇ ದಿನದಿಂದ ಅವನು ಆ ಕಡೆ ತಲೆ ಹಾಕಲಿಲ್ಲ. ಹತ್ತು ವರ್ಷ ವೈರಿಂಗ್ ಮೇಸ್ತ್ರಿಯ ಹಿಂದೆ ಏಣಿ ಹೊತ್ತ. ಆಮೇಲೆ ಮದುವೆ ಮನೆಗಳಿಗೆ ಸೀರಿಯಲ್ ಸೆಟ್ ಕಟ್ಟುವವನ ಹತ್ತಿರ ಸೇರಿ, ಆ ಮಿಣಮಿಣ ದೀಪದ ಸರಗಳಲ್ಲಿ ಸತ್ತ ಬಲ್ಬು ಹುಡುಕುವುದರಲ್ಲೇ ಇನ್ನೊಂದು ಐದು ವರ್ಷ ಕಳೆದ. ಕೊನೆಗೆ ಮೂರಂತಸ್ತಿನ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಸ್ವಂತ ಜಾಗ ಹಿಡಿದ.

ಆ ಜಾಗದಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಬಾಗಿಲ ಹತ್ತಿರ ಆರಡಿ, ಒಳಗೆ ಹೋದಂತೆ ಮೂರಡಿ. ಅವನ ಹಣೆಯ ಮೇಲೆ ಬಲಗಡೆ ಒಂದು ಕಪ್ಪು ಗುರುತಿದೆ, ನಾಲ್ಕನೇ ಮೆಟ್ಟಿಲಿನದು. ಕೋಪ ಬಂದಾಗಲೆಲ್ಲ ಎದ್ದು ನಿಲ್ಲುತ್ತಾನೆ, ನಿಂತಾಗಲೆಲ್ಲ ಮೆಟ್ಟಿಲು ಹೊಡೆಯುತ್ತದೆ. ಮೆಟ್ಟಿಲು ಹೊಡೆದಾಗ ಇನ್ನಷ್ಟು ಕೋಪ. ಸ್ಕ್ರೂ ಕೂರದಿದ್ದರೆ ಅದನ್ನು ಬೀದಿಗೆ ಎಸೆದು, ಆಮೇಲೆ ಮೊಣಕಾಲೂರಿ ಹುಡುಕಿ ತರುತ್ತಾನೆ. ಅವನ ಹೆಂಡತಿ ಹೇಳುವ ಪ್ರಕಾರ ಅವನ ಆಯಸ್ಸಿನಲ್ಲಿ ಕಾಲು ಭಾಗ ಎಸೆದದ್ದನ್ನು ಹುಡುಕುವುದಕ್ಕೇ ಹೋಗಿದೆ.

ಆದರೆ ಕೈ ಮಾತ್ರ ಬಂಗಾರ. ತಗಡಿನ ಡಬ್ಬ, ಒಡೆದ ಸೋಸುವ ಜಾಲರಿ, ಸೈಕಲ್ ಹ್ಯಾಂಡಲು, ಯಾವುದು ಸಿಕ್ಕರೂ ದೀಪ ಮಾಡುತ್ತಿದ್ದ. ಓದುವವರಿಗೆ ಬೇರೆ, ಹೊಲಿಯುವವರಿಗೆ ಬೇರೆ, ಕಾಯಿಲೆಯವರ ಮಂಚದ ಪಕ್ಕಕ್ಕೆ ಬೇರೆ. ದೀಪ ಕೇಳಲು ಬಂದವರನ್ನು ಮೊದಲು ಕೂರಿಸಿ, ಯಾವ ಕೈಯಲ್ಲಿ ಬರೆಯುತ್ತೀರಿ, ಕಿಟಕಿ ಯಾವ ಕಡೆ, ಕನ್ನಡಕ ಇದೆಯೋ ಇಲ್ಲವೋ ಎಂದು ಪೊಲೀಸಿನವನ ಹಾಗೆ ಕೇಳುತ್ತಿದ್ದ. ದುಡ್ಡಿನ ಮಾತು ಆಮೇಲೆ.

ಭಾವ ಗಡಿಯಾರ ರಿಪೇರಿಯವರು. ಹೆಚ್ಚು ಮಾತಿಲ್ಲ, ಹೆಚ್ಚು ನಗುವಿಲ್ಲ. ಅವರ ಅಂಗಡಿ ಒಂದು ಕಿಟಕಿಯಿಲ್ಲದ ಕೋಣೆ. ಮುಂದೆ ಗಾಜಿನ ಪೆಟ್ಟಿಗೆ, ಹಿಂದೆ ಎದೆಮಟ್ಟದ ಮೇಜು. ಮೇಜಿನ ಬಲಗಡೆ ಅಂಗೈಯಗಲದ ಒಂದು ಪುಟ್ಟ ಲೇತು. ಗಡಿಯಾರದ ಚಕ್ರದ ಅಚ್ಚು ಮುರಿದರೆ, ಹೊಸದು ಎಲ್ಲೂ ಸಿಗದಿದ್ದರೆ, ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಅಚ್ಚು ಕಡೆದು ಕೂರಿಸುತ್ತಿದ್ದರು. ಅವರ ಗುರುಗಳು ಸಾಯುವ ಮೊದಲು ಕೈಯಾರೆ ಕೊಟ್ಟದ್ದಂತೆ ಅದು. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲು ಅದಕ್ಕೆ ಒಂದು ಹನಿ ಎಣ್ಣೆ, ಆಮೇಲೆ ಅವರಿಗೆ ಟೀ.

ವಯಸ್ಸು ಐವತ್ತು ದಾಟಿದ ಮೇಲೆ ಭಾವ ಒಂದು ದಿನ ಅವನಿಗೆ ಹೇಳಿ ಕಳಿಸಿದರು. ಚಿಮಟದ ನೆರಳು ಕೆಲಸದ ಮೇಲೇ ಬೀಳುತ್ತದೆ, ನೆರಳು ಬೀಳದ ದೀಪ ಮಾಡಿಕೊಡಲು ಆಗುತ್ತದೆಯೇ ಎಂದು. ಭಾವ ಏನನ್ನಾದರೂ ಕೇಳಿದ್ದು ಅದೇ ಮೊದಲು. ದೀಪದವನು ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬಳೆಯಂಥ ಒಂದು ಬಿಲ್ಲೆ ಮಾಡಿ, ಸುತ್ತಲೂ ಹನ್ನೆರಡು ಎಲ್‌ಇಡಿ ಕೂರಿಸಿ, ಮೇಲೆ ಹಾಲುಬಿಳುಪಿನ ಪ್ಲಾಸ್ಟಿಕ್ ಮುಚ್ಚಳ ಹಾಕಿದ. ಸುತ್ತಲಿಂದ ಬೆಳಕು ಬಿದ್ದರೆ ನೆರಳಿಗೆ ಬೀಳಲು ಜಾಗವೇ ಇರುವುದಿಲ್ಲ. ಭಾವ ಚಿಮಟವನ್ನು ಅದರ ಕೆಳಗೆ ಹಿಡಿದು ಹೀಗೆ ತಿರುಗಿಸಿ ಹಾಗೆ ತಿರುಗಿಸಿ ನೋಡಿ, "ಪರವಾಗಿಲ್ಲ ಕಣಯ್ಯಾ" ಅಂದರು. ಅವರ ಬಾಯಲ್ಲಿ ಅದು ಸನ್ಮಾನಕ್ಕೆ ಸಮ.

ಒಳಗಿನ ಜೋಡಣೆ ಮಾತ್ರ ಅವನು ಸೀರಿಯಲ್ ಸೆಟ್ಟಿನವನ ಹತ್ತಿರ ಕಲಿತದ್ದೇ. ಒಂದರ ಬಾಲ ಇನ್ನೊಂದರ ಬಾಯಿಗೆ, ಎಲ್ಲವೂ ಒಂದೇ ಸಾಲಿನಲ್ಲಿ. ಸೀರೀಸ್ ಅನ್ನುತ್ತಾರೆ ಅದಕ್ಕೆ. ಕೈ ಕೈ ಹಿಡಿದು ಹೊಳೆ ದಾಟುವವರ ಹಾಗೆ. ಕರೆಂಟು ಮೊದಲನೆಯದರಿಂದ ಕೊನೆಯದರವರೆಗೆ ಎಲ್ಲದರ ಒಳಗೂ ಹಾದು ಹೋಗಬೇಕು. ಚಂದವೇನೆಂದರೆ ಎಲ್ಲವೂ ಸಮ ಬೆಳಗುತ್ತವೆ. ಫಜೀತಿ ಏನೆಂದರೆ ನಡುವೆ ಒಬ್ಬ ಕೈ ಬಿಟ್ಟರೆ ಎಲ್ಲರೂ ಹೊಳೆಪಾಲು.

ಮೂರನೇ ತಿಂಗಳು ಒಬ್ಬ ಕೈ ಬಿಟ್ಟ. ಭಾವ ಆಗ ಯಾರದೋ ಅಜ್ಜನ ಕಾಲದ ಕೈಗಡಿಯಾರದ ಬ್ಯಾಲೆನ್ಸ್ ಚಕ್ರವನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದರು. ಉಸಿರು ಬಿಟ್ಟರೂ ಅಲ್ಲಾಡುವ ಸಾಮಾನು. ದೀಪ ತಟ್ಟನೆ ಆರಿತು, ಕೋಣೆ ಗವಿಯಾಯಿತು, ಕೈ ಬೆದರಿತು, ಚಕ್ರ ಬಿತ್ತು. ಅದರ ಅಚ್ಚು ಮುರಿಯಿತು. ಆ ಲೇತಿನಲ್ಲಿ ಹೊಸ ಅಚ್ಚು ಕಡೆಯಲು ಭಾವನಿಗೆ ಹದಿಮೂರು ದಿನ ಹಿಡಿಯಿತು. ಸುದ್ದಿ ತಿಳಿದು ಓಡಿ ಬಂದ ದೀಪದವನನ್ನು ನೋಡಿ, ಎಂದೂ ದನಿ ಏರಿಸದವರು ದನಿ ಏರಿಸಿದರು.

"ಬೆಳಕು ಮಾಡಿಕೊಡು ಅಂದೆ ಇವನಿಗೆ. ಇವನು ಕತ್ತಲೆ ಗುತ್ತಿಗೆ ಹಿಡಿದು ಬಂದಿದ್ದಾನೆ. ಕತ್ತಲೆ ಕಂಟ್ರಾಕ್ಟರ್!"

ದರ್ಜಿ ನಕ್ಕ. ಗಿರಾಕಿಗಳು ನಕ್ಕರು. ದೀಪದವನು ದೀಪವನ್ನು ತಂತಿ ಸಮೇತ ಕಿತ್ತುಕೊಂಡು ಹೊರಗೆ ಬಂದವನು ಆ ಹೊಸಿಲು ಮತ್ತೆ ತುಳಿಯುವುದಿಲ್ಲ ಅಂದುಕೊಂಡ.

ಅಂದುಕೊಂಡದ್ದೇನೋ ಸರಿ, ಸುಮ್ಮನಿರಲು ಆಗಲಿಲ್ಲ. ಒಂದು ಹೋದರೆ ಎಲ್ಲ ಹೋಗುತ್ತದೆಯೇ? ಹಾಗಾದರೆ ಒಂದು ಹೋದರೆ ಉಳಿದ ಹನ್ನೊಂದು ಉರಿಯುವ ಹಾಗೆ ಮಾಡಿ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿದ. ಮಾರನೇ ದಿನವೇ ಬಿಡಿಭಾಗದ ಅಂಗಡಿಗೆ ಹೋದ. ಆ ಅಂಗಡಿಯನ್ನು ನಡೆಸುತ್ತಿದ್ದದ್ದು ಒಬ್ಬ ನರೆತಲೆಯ ಹೆಂಗಸು. ಎಲ್ಲರಿಗೂ ಅವಳು ಅಂಗಡಿಯಮ್ಮ. ನೂರಾರು ಪುಟ್ಟ ಡ್ರಾಯರುಗಳು, ಯಾವುದಕ್ಕೂ ಚೀಟಿ ಇಲ್ಲ. ಎಲ್ಲ ಅವಳ ತಲೆಯಲ್ಲಿ. ಅವನು ಹನ್ನೆರಡು ಎಲ್‌ಇಡಿ, ಒಂದು ಐದು ವೋಲ್ಟಿನ ಅಡಾಪ್ಟರ್, ಒಂದು ರೆಸಿಸ್ಟರ್ ಕೇಳಿದ.

ಹೇಗೆ ಜೋಡಿಸುತ್ತೀಯ ಎಂದು ಅಂಗಡಿಯಮ್ಮ ಕೇಳಿದಳು. ಪ್ಯಾರಲಲ್, ಅಂದ ಅವನು. ಎಲ್ಲದರ ಪ್ಲಸ್ಸು ಒಂದು ಕಡೆ, ಎಲ್ಲದರ ಮೈನಸ್ಸು ಒಂದು ಕಡೆ, ನಡುವೆ ಕರೆಂಟಿಗೆ ಕಡಿವಾಣವಾಗಿ ಒಂದು ರೆಸಿಸ್ಟರ್. ಯಾರ ಹಂಗೂ ಯಾರಿಗಿಲ್ಲ.

"ಒಂದು ಸಾಲದು ಕಣಪ್ಪ. ಹನ್ನೆರಡಕ್ಕೆ ಹನ್ನೆರಡು ತಗೊಂಡು ಹೋಗು. ನೋಡೋಕೆ ಎಲ್ಲಾ ಒಂದೇ ಥರ ಇರ್ತವೆ, ಕುಡಿಯೋದು ಮಾತ್ರ ಒಂದೇ ಥರ ಕುಡಿಯೋದಿಲ್ಲ ಅವು."

ಅಷ್ಟಕ್ಕೆ ನಿಲ್ಲಿಸದೆ ಬಿಡಿಸಿ ಹೇಳಲು ಹೊರಟಳು. ಹನ್ನೆರಡು ಜನಕ್ಕೆ ಒಂದೇ ಪಾತ್ರೆ ಇಟ್ಟು ನೀವೇ ಬಡಿಸಿಕೊಳ್ಳಿ ಅಂದರೆ ಯಾವನೋ ಒಬ್ಬ ಹೊಟ್ಟೆಬಾಕ ಎರಡು ಪಾಲು ತಿನ್ನುತ್ತಾನೆ, ಅಜೀರ್ಣವಾಗಿ ಸಾಯುತ್ತಾನೆ, ಅವನ ಪಾಲೂ ಉಳಿದವರ ತಲೆಗೆ ಬರುತ್ತದೆ ಎಂದು. ಆದರೆ ದೀಪದವನು ಅವತ್ತು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಿನ್ನೆ ಭಾವ, ಇವತ್ತು ಇವಳು. ಎಲ್ಲರೂ ಅವನಿಗೆ ಪಾಠ ಹೇಳುವವರೇ. "ಹನ್ನೊಂದು ಜಾಸ್ತಿ ಮಾರೋಕೆ ಇಷ್ಟು ಕಥೆನಾ? ಕಿವಿ ಮೇಲೆ ಹೂ ಇಡಬೇಡಮ್ಮ" ಅಂದ. ಅವಳು ಸಿಟ್ಟಾಗಲಿಲ್ಲ. ಅವನು ಕೇಳಿದ್ದನ್ನು ಪೊಟ್ಟಣ ಕಟ್ಟಿ, ಜೊತೆಗೆ ಇನ್ನೊಂದು ಸಣ್ಣ ಪೊಟ್ಟಣ ಚೀಲದೊಳಗೆ ಬಿಟ್ಟಳು. "ಇಟ್ಟಿರು, ತೂಕವೇನಿಲ್ಲ." ಅವನು ಮೆಟ್ಟಿಲ ಕೆಳಗೆ ಬಂದು ಆ ಪೊಟ್ಟಣವನ್ನು ಬಿಚ್ಚದೆ ಡ್ರಾಯರಿನ ಮೂಲೆಗೆ ಎಸೆದ. ಅವನು ಎಸೆದು, ಹುಡುಕದೇ ಬಿಟ್ಟ ವಸ್ತು ಅದೊಂದೇ.

ಹೊಸ ದೀಪ ಹಚ್ಚಿದಾಗ ನಿಜವಾಗಿಯೂ ಚಂದವಿತ್ತು. ಒಂದು ಎಲ್‌ಇಡಿಯನ್ನು ಕಿತ್ತರೆ ಉಳಿದ ಹನ್ನೊಂದೂ ಉರಿಯುತ್ತಿದ್ದವು. ಅದನ್ನು ಅಕ್ಕನಿಗೆ ತೋರಿಸಿ, ನಿನ್ನ ಗಂಡನಿಗೆ ಕೊಡು, ಇದು ಆರಿದರೆ ನಾನು ಈ ಕಸುಬೇ ಬಿಡುತ್ತೇನೆ ಅಂದ. ತಾನು ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿ ಭಾವ ಸಿಕ್ಕರೆ ಹವಾಮಾನದ ಮಾತು, ಮಕ್ಕಳ ಮಾತು. ದೀಪದ ಮಾತಿಲ್ಲ, ಅಂಗಡಿಯ ಮಾತಿಲ್ಲ. ಅಕ್ಕ ಒಳಗೊಳಗೇ ಗಂಡನಿಗೆ ಕಟ್ಟಪ್ಪಣೆ ಮಾಡಿದ್ದಳು: ಇನ್ನು ನನ್ನ ತಮ್ಮನ ದೀಪದ ಬಗ್ಗೆ ತುಟಿ ಬಿಚ್ಚಿದರೆ ನನ್ನಾಣೆ ಎಂದು. ಭಾವ ಮಾತು ಉಳಿಸಿಕೊಳ್ಳುವ ಮನುಷ್ಯ. ತುಟಿ ಬಿಚ್ಚಲಿಲ್ಲ.

ಹೀಗೆ ಒಂದೂವರೆ ವರ್ಷ ಹೋಯಿತು.

ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲ ಕೆಳಗೆ ಬಂದು, ತಲೆ ಬಗ್ಗಿಸಿ ಒಳಗೆ ಕೂತಳು. ಕೂತವಳು ಸುಮಾರು ಹೊತ್ತು ಸೆರಗಿನ ತುದಿ ತಿರುಚುತ್ತಿದ್ದಳು. ಆಮೇಲೆ ಹೇಳಿದಳು: ಭಾವ ಅಂಗಡಿ ಬಿಡುತ್ತಿದ್ದಾರೆ. ಕಣ್ಣು ಹೋಗುತ್ತಿದೆಯಂತೆ. ವರ್ಷದಿಂದ ಸ್ವಲ್ಪ ಸ್ವಲ್ಪವೇ ಮಬ್ಬು, ಅದರಲ್ಲೂ ಎಡಗಡೆ. ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಗಡಿಯಾರ ಹಾಳು ಮಾಡಿದರಂತೆ. ಮುಂದಿನ ಸೋಮವಾರದಿಂದ ಆ ಕೋಣೆ ದರ್ಜಿಗೆ. ಅವನಿಗೆ ಎರಡು ಹೊಲಿಗೆ ಯಂತ್ರ ಇಡಲು ಜಾಗ ಬೇಕಾಗಿದೆ.

"ಡಾಕ್ಟರಿಗೆ ತೋರಿಸಿದ್ರಾ?" ಅಂದ ದೀಪದವನು.

"ತೋರಿಸಿದ್ವಿ ಕಣೋ. ಕನ್ನಡಕದ ನಂಬರು ಬದಲಾಯಿಸಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ ಅಂದ್ರು. ಇವರು ನಂಬಲೇ ಇಲ್ಲ. ಡಾಕ್ಟರು ಗೋಡೆ ಮೇಲಿನ ಅಕ್ಷರ ಓದಿಸ್ತಾನೆ, ನಾನು ಓದಬೇಕಾಗಿರೋದು ಸಾಸಿವೆ ಕಾಳಿನ ಮೇಲಿಂದು ಅಂತಾರೆ." ಮತ್ತೆ ಹೇಳಿದಳು. "ಅವರು ಕೂತು ಕೂತೇ ಸಣ್ಣಗಾಗ್ತಿದ್ದಾರೆ. ಆ ಮೇಜು ಬಿಟ್ಟರೆ ಅವರಿಗೆ ಬೇರೆ ಏನು ಗೊತ್ತು? ನೀನು ಬಂದು ಅಲ್ಲಿನ ವೈರಿಂಗ್ ಬಿಚ್ಚಿಕೊಡು. ಬೇರೆಯವರ ಕೈಯಲ್ಲಿ ಬಿಚ್ಚಿಸೋದು ಅವರಿಗೆ ಬೇಡವಂತೆ."

ಹಗೆ ಅಂದರೆ ಹಗೆಯೇ, ಆದರೆ ಅಕ್ಕ ಬಂದು ಕೂತ ಮೇಲೆ ಏನು ಮಾಡುವುದು. ಮಧ್ಯಾಹ್ನ ಸ್ಕ್ರೂ ಡ್ರೈವರು, ಟೆಸ್ಟರು ಚೀಲಕ್ಕೆ ಹಾಕಿಕೊಂಡು ಹೋದ. ಒಂದೂವರೆ ವರ್ಷದ ನಂತರ ಆ ಹೊಸಿಲು ತುಳಿದಾಗ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಗೋಡೆಯ ಗಡಿಯಾರಗಳು ಇಳಿದಿದ್ದವು. ಅವು ಇದ್ದ ಕಡೆ ಬಿಳಿಯ ದುಂಡು ಗುರುತುಗಳು. ಭಾವ ಸ್ಟೂಲಿನ ಮೇಲೆ ಕೂತಿದ್ದರು. ಅವನನ್ನು ನೋಡಿ ಎದ್ದು, "ಬಾ. ಮೊದಲು ಮೇಜಿನ ದೀಪ ತೆಗೆ. ನಾನು ಟೀ ಕುಡಿದು ಬರ್ತೀನಿ" ಅಂದರು. ತೆಗೆಯುವುದನ್ನು ನೋಡಲು ಅವರಿಗೆ ಇಷ್ಟವಿರಲಿಲ್ಲ ಅನ್ನಿಸುತ್ತದೆ. ದರ್ಜಿಯನ್ನು ಕರೆದುಕೊಂಡು ಹೊರಟರು.

ದೀಪದವನು ಭಾವನ ಸ್ಟೂಲಿನ ಮೇಲೆ ಕೂತ. ಮೇಜಿನ ಬಲಗಡೆ ನಾಲ್ಕು ಸ್ಕ್ರೂ ತೂತು, ಸುತ್ತ ಎಣ್ಣೆಯ ಜಿಡ್ಡು. ಲೇತು ಇರಲಿಲ್ಲ. ಅದು ಆಗಲೇ ಹೋಗಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಆದರೆ ಕೆಲಸಕ್ಕೆ ಬಂದವನು ಕೆಲಸ ನೋಡಬೇಕು. ದೀಪ ಹಚ್ಚಿದ. ಉರಿಯಿತು. ಮುಚ್ಚಳ ಹಾಲಿನ ಹಾಗೆ ಸುತ್ತಲೂ ಬೆಳ್ಳಗೆ ಹೊಳೆಯಿತು. ನೋಡು, ನಾನು ಮಾಡಿದ್ದು ಆರಿಲ್ಲ ಎಂದು ಆ ಹೊತ್ತಿನಲ್ಲೂ ಅವನೊಳಗಿನ ಹುಂಜ ಒಮ್ಮೆ ಕತ್ತೆತ್ತಿತು.

ದೀಪ ಬಿಚ್ಚಲು ಅಡ್ಡವಾಗಿದ್ದ ಚಿಮಟವನ್ನು ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಚಿಮಟಕ್ಕೆ ನೆರಳಿತ್ತು.

ಉದ್ದನೆಯ ಮಬ್ಬು ನೆರಳು, ಎಡಗಡೆಗೆ ಚಾಚಿಕೊಂಡು ಮೇಜಿನ ಮೇಲೆ ಮಲಗಿತ್ತು. ಬಳೆದೀಪದ ಕೆಳಗೆ ನೆರಳು ಬೀಳಬಾರದು. ಬೀಳಬಾರದು ಎಂದೇ ಅಲ್ಲವೇ ಅದನ್ನು ಮಾಡಿದ್ದು. ಅವನು ದೀಪದ ಬಿಲ್ಲೆಯನ್ನು ಹಿಡಿದು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದ. ನೆರಳೂ ಮೆಲ್ಲಗೆ ತಿರುಗಿ ಬಲಗಡೆಗೆ ಹೋಗಿ ಮಲಗಿತು. ಮತ್ತೆ ತಿರುಗಿಸಿದ, ಮತ್ತೆ ಎಡಗಡೆಗೆ ಬಂತು. ಕಣ್ಣಿನ ರೋಗ ದೀಪದ ಜೊತೆ ತಿರುಗುವುದಿಲ್ಲ. ಕಣ್ಣಿನ ರೋಗಕ್ಕೆ ಮೇಜಿನ ಮೇಲೆ ನೆರಳೂ ಬೀಳುವುದಿಲ್ಲ.

ಮುಚ್ಚಳ ಬಿಚ್ಚಿದ. ಎಡಗಡೆಯ ಐದು ಎಲ್‌ಇಡಿ ಸತ್ತು ಕಪ್ಪಾಗಿದ್ದವು. ಮೇಲಿನ ಮೂರು ಟೀ ಕಲೆಯ ಬಣ್ಣಕ್ಕೆ ತಿರುಗಿ, ಉರಿಯುತ್ತಿವೆಯೋ ಇಲ್ಲವೋ ಎನ್ನುವ ಹಾಗಿದ್ದವು. ಬಲಗಡೆಯ ನಾಲ್ಕು ಮಾತ್ರ ಹನ್ನೆರಡರ ಪಾಲನ್ನೂ ಹೊತ್ತು, ಕೈ ತಾಗಿಸಲಾರದಷ್ಟು ಬಿಸಿಯಾಗಿದ್ದವು. ಅಂಗಡಿಯಮ್ಮ ಹೇಳಿದ ಹಾಗೆಯೇ. ಮೊದಲು ಹೊಟ್ಟೆಬಾಕ ಸತ್ತ, ಆಮೇಲೆ ಅವನ ಪಾಲು ತಿಂದವನು ಸತ್ತ, ಆಮೇಲೆ ಅವನ ಪಕ್ಕದವನು. ಹಾಲುಬಿಳುಪಿನ ಮುಚ್ಚಳ ಇದ್ದುದರಿಂದ ಹೊರಗಿನವರಿಗೆ ಒಂದೂ ಕಾಣಿಸಲಿಲ್ಲ. ಬೆಳಕು ಒಮ್ಮೆಲೇ ಹೋಗಿದ್ದರೆ ಭಾವ ದೀಪವನ್ನು ಬೈಯುತ್ತಿದ್ದರು. ಹನಿ ಹನಿಯಾಗಿ ಹೋಯಿತು. ತಮ್ಮ ಕಣ್ಣನ್ನೇ ಬೈದುಕೊಂಡರು.

ಮೊದಲನೆಯ ದೀಪ ಕೆಟ್ಟದ್ದು ಪರವಾಗಿರಲಿಲ್ಲ. ಅದು ಕೆಟ್ಟದ್ದು ಎಲ್ಲರಿಗೂ ಕಾಣಿಸಿತ್ತು. ಅವನು ಹಗೆ ಸಾಧಿಸಲು ಮಾಡಿದ ಈ ಎರಡನೆಯದು ಒಂದೂವರೆ ವರ್ಷ ಸದ್ದಿಲ್ಲದೆ ಮನುಷ್ಯನ ಧೈರ್ಯವನ್ನೇ ತಿಂದಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಮಾತನ್ನು ಅವನೂ ಎಷ್ಟು ಸಲ ಆಡಿದ್ದನೋ. ಆ ಕೋಣೆಗೆ ಒಂದೇ ಒಂದು ಸಲ ಬಂದು ಕೂತಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬಂದಿರಲಿಲ್ಲ. ಹೆಸರಿಟ್ಟಿದ್ದರಲ್ಲ.

ಭಾವ ಟೀ ಕುಡಿದು ಬರುವಷ್ಟರಲ್ಲಿ ಅವನು ಮುಚ್ಚಳ ಮುಚ್ಚಿ ದೀಪವನ್ನು ಚೀಲಕ್ಕೆ ಹಾಕಿದ್ದ. ಉಳಿದದ್ದನ್ನು ನಾಳೆ ಬಿಚ್ಚುತ್ತೇನೆ, ಅಲ್ಲಿಯವರೆಗೆ ಒಂದು ಮೊಳೆಯನ್ನೂ ಕದಲಿಸಬೇಡಿ ಅಂದ. ಭಾವ ಯಾಕೆಂದು ಕೇಳಲಿಲ್ಲ. ದರ್ಜಿ ಕೇಳುವಷ್ಟರಲ್ಲಿ ಅವನು ಬೀದಿಗೆ ಇಳಿದಿದ್ದ.

ಮೆಟ್ಟಿಲ ಕೆಳಗೆ ಬಂದು ಡ್ರಾಯರನ್ನೇ ಎಳೆದು ನೆಲಕ್ಕೆ ಸುರಿದ. ತುಕ್ಕು ಹಿಡಿದ ಸ್ಕ್ರೂ, ತುಂಡು ವೈರು, ಸತ್ತ ಸೆಲ್ಲು, ಇವುಗಳ ನಡುವೆ ಆ ಸಣ್ಣ ಪೊಟ್ಟಣ. ಬಿಚ್ಚಿದ. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪದ ರೆಸಿಸ್ಟರುಗಳು. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದ. ಹನ್ನೆರಡು.

ಆ ಮಧ್ಯಾಹ್ನ ಅವನು ಒಂದು ಸಲವೂ ಎದ್ದು ನಿಲ್ಲಲಿಲ್ಲ, ತಲೆ ಹೊಡೆಸಿಕೊಳ್ಳಲಿಲ್ಲ. ಹೊಸ ಹನ್ನೆರಡು ಎಲ್‌ಇಡಿ ಕೂರಿಸಿ, ಪ್ರತಿಯೊಂದರ ಕಾಲಿಗೂ ಅದರದೇ ಒಂದು ರೆಸಿಸ್ಟರ್ ಬೆಸೆದ. ಇನ್ನು ಯಾರೂ ಯಾರ ಪಾಲನ್ನೂ ತಿನ್ನುವಂತಿಲ್ಲ. ಒಬ್ಬ ಸತ್ತರೆ ಅವನ ಬೆಳಕು ಹೋದೀತು, ಉಳಿದವರಿಗೆ ಹೊರೆಯಾಗದು. ಎರಡು ಗಂಟೆಯ ಕೆಲಸ. ಒಂದೂವರೆ ವರ್ಷದ ಹಿಂದೆಯೂ ಅದು ಎರಡು ಗಂಟೆಯ ಕೆಲಸವೇ ಆಗಿತ್ತು. ಹಾಲಿನ ಮುಚ್ಚಳವನ್ನು ತೆಗೆದುಹಾಕಿ, ಅದರ ಬದಲು ಪಾರದರ್ಶಕ ಮುಚ್ಚಳ ಹಾಕಿದ. ಎಷ್ಟು ಉರಿಯುತ್ತಿವೆ ಎಂದು ಯಾರು ಬೇಕಾದರೂ ಎಣಿಸಿಕೊಳ್ಳಲಿ.

ಮಾರನೇ ಬೆಳಿಗ್ಗೆ ಅವನೇ ಮೊದಲು ಅಂಗಡಿಗೆ ಹೋಗಿ ಬಾಗಿಲಲ್ಲಿ ಕಾದ. ಭಾವ ಬಂದು ಬೀಗ ತೆಗೆದ ಮೇಲೆ, ದೀಪವನ್ನು ಮೇಜಿಗೆ ಕಚ್ಚಿಸಿ, ಒಂದು ಸಲ ಕೂತು ನೋಡಿ ಭಾವ ಎಂದ. ಭಾವನಿಗೆ ಬೇಸರವಾಯಿತು. ಸತ್ತವರ ಬಾಯಿಗೆ ನೀರು ಬಿಡುವುದು ಯಾಕೆ ಎನ್ನುವ ಮುಖ ಮಾಡಿಕೊಂಡೇ ಕೂತರು. ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡು, ಡಬ್ಬಿಯಿಂದ ಒಂದು ಹಲ್ಲಿನ ಚಕ್ರ ಎತ್ತಿ ದೀಪದ ಕೆಳಗೆ ಹಿಡಿದರು. ಎಳ್ಳಿನಗಲದ ಹಲ್ಲುಗಳು.

ಚಕ್ರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಆಮೇಲೆ ಭಾವ ತುಟಿಯೊಳಗೇ ಎಣಿಸತೊಡಗಿದರು. ಒಂದು, ಎರಡು, ಮೂರು. ಹದಿನೈದಕ್ಕೆ ನಿಲ್ಲಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. ಮತ್ತೆ ಹದಿನೈದು. ಆ ಚಕ್ರಕ್ಕೆ ಇರುವುದೇ ಹದಿನೈದು ಹಲ್ಲು. ಚಿಮಟವನ್ನು ಮೇಜಿನ ಮೇಲಿಟ್ಟು, ಭೂತಗನ್ನಡಿ ತೆಗೆದು, ಅಂಗೈಯಿಂದ ಎರಡೂ ಕಣ್ಣು ಮುಚ್ಚಿಕೊಂಡು ಕೂತರು. ದೀಪದವನು ಗೋಡೆಯ ಮೇಲಿನ ದುಂಡು ಗುರುತುಗಳನ್ನು ನೋಡುತ್ತಾ ನಿಂತ.

"ಏನಾಗಿತ್ತು ಇದಕ್ಕೆ?" ಅಂದರು ಭಾವ, ಕೈ ತೆಗೆಯದೆ.

ಹೇಳಬೇಕಾಗಿದ್ದ ಗಳಿಗೆ ಅದೇ. ಇಡೀ ರಾತ್ರಿ ಅವನು ಹೇಳುವ ಮಾತನ್ನು ಕಟ್ಟಿಕೊಂಡು ಬಂದಿದ್ದ. ಬಾಯಿಯವರೆಗೂ ಬಂತು.

"ಹಳೇದಾಗಿತ್ತು ಭಾವ. ದೀಪಕ್ಕೂ ವಯಸ್ಸಾಗುತ್ತೆ."

"ಹಾಗಾದ್ರೆ ವಯಸ್ಸಾಗಿದ್ದು ನನಗಲ್ಲ" ಎಂದು ಭಾವ ನಕ್ಕರು. ಆ ನಗುವನ್ನು ದೀಪದವನು ಅದಕ್ಕೆ ಮೊದಲು ಎರಡೋ ಮೂರೋ ಸಲ ಕೇಳಿದ್ದನೇನೋ. ಸದ್ದು ಕೇಳಿ ದರ್ಜಿ, ಅಳತೆಯ ಟೇಪು ಕತ್ತಿನಲ್ಲಿ ಹಾಗೇ ಇಟ್ಟುಕೊಂಡು ಬಂದ. ಅವನಿಗೆ ಭಾವ ಹೇಳಿದರು, ಕೋಣೆ ಖಾಲಿಯಾಗುವುದಿಲ್ಲ, ಬೇರೆ ಕಡೆ ನೋಡಿಕೋ ಎಂದು. ಆಮೇಲೆ ದೀಪದವನ ಭುಜದ ಮೇಲೆ ಕೈಯಿಟ್ಟರು.

"ಅವತ್ತು ಈ ಹುಡುಗನಿಗೆ ನಾನು ಒಂದು ಮಾತು ಅಂದಿದ್ದೆ. ತಪ್ಪಾಗಿತ್ತು. ಇನ್ನು ಮೇಲೆ ಈ ಬೀದಿಯಲ್ಲಿ ಯಾರೂ ಆ ಹೆಸರು ಎತ್ತಬಾರದು. ನೀನೇ ಹರಡಿದ್ದು, ನೀನೇ ವಾಪಸ್ ತಗೊಂಡು ಬಾ."

ನಲವತ್ತರ ಗಂಡಸನ್ನು ಹುಡುಗ ಅಂದರು. ಎಷ್ಟೋ ದಿನದಿಂದ ಅವನು ಕಾಯುತ್ತಿದ್ದ ಮಾತು ಅದು, ಅದೂ ದರ್ಜಿಯ ಎದುರಿಗೇ. ಬಂದಾಗ ಬಾಯೊಳಗೆ ಬಿಸಿ ತುಪ್ಪವಾಯಿತು. ಉಗುಳಿದರೆ ಸುಳ್ಳು ಹೊರಬೀಳುತ್ತದೆ, ನುಂಗಿದರೆ ಗಂಟಲು ಸುಡುತ್ತದೆ. ನುಂಗಿದ.

ಭಾವನ ಕೈ ಅಷ್ಟರಲ್ಲಿ ಅಭ್ಯಾಸಬಲದಿಂದ ಮೇಜಿನ ಬಲಗಡೆಗೆ ಹೋಗಿತ್ತು. ನಾಲ್ಕು ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸಿ ಹಿಂದೆ ಬಂತು. ಲೇತನ್ನು ಹೋದ ವಾರ ಬೈಕಿನಲ್ಲಿ ಬಂದ ಒಬ್ಬ ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಿದ್ದರಂತೆ. ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. "ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಇದು ನನ್ನದೇ ತಪ್ಪು" ಅಂದರು. ಅಷ್ಟೇ. ಮತ್ತೆ ಆ ಮಾತು ತೆಗೆಯಲಿಲ್ಲ.

ದೀಪದವನು ಆ ಲೇತನ್ನು ಹುಡುಕಿದಷ್ಟು ತನ್ನ ಜನ್ಮದಲ್ಲಿ ಇನ್ನೇನನ್ನೂ ಹುಡುಕಲಿಲ್ಲ. ಗುಜರಿ ಅಂಗಡಿಗಳ ಹಿಂದಿನ ಕೋಣೆಗಳಲ್ಲಿ, ಪಕ್ಕದ ಊರುಗಳ ಸಂತೆಗಳಲ್ಲಿ, ಹಳೇ ಸಾಮಾನಿನ ರಾಶಿಗಳ ಮುಂದೆ ಮೊಣಕಾಲೂರಿ. ಒಂದೆರಡು ಕಡೆ ಅಂಥದೇ ಲೇತು ಸಿಕ್ಕಿತು, ಅದೇ ಅಲ್ಲ. ಅದಾದರೂ ಇರಲಿ ಎಂದು ಒಂದನ್ನು ತಂದುಕೊಟ್ಟ. ಭಾವ ತಿರುಗಿಸಿ ನೋಡಿ, ಒಳ್ಳೆಯದು ಅಂದರು, ಕಪಾಟಿನಲ್ಲಿಟ್ಟರು. ಅಚ್ಚು ಮುರಿದ ಗಡಿಯಾರ ಬಂದರೆ, ಇದು ನನ್ನ ಹತ್ತಿರ ಆಗುವುದಿಲ್ಲ ಎಂದು ವಾಪಸ್ ಕಳಿಸುತ್ತಿದ್ದರು. ಅಳಿದುಳಿದ ಬೇರೆ ಕೆಲಸವೆಲ್ಲ ಮಾಡುತ್ತಿದ್ದರು.

ಅಂಗಡಿಯಮ್ಮನ ಹತ್ತಿರ ಮಾತ್ರ ಅವನು ಎಲ್ಲವನ್ನೂ ಹೇಳಿದ. ಪೊಟ್ಟಣದ ದುಡ್ಡು ಕೊಡಲು ಹೋದಾಗ ಅವಳು ದುಡ್ಡನ್ನು ಮೇಜಿನ ಮೇಲಿಂದ ಅವನ ಕಡೆಗೇ ತಳ್ಳಿದಳು.

"ನನಗೇನು ಹೇಳ್ತೀಯ? ಹೇಳಬೇಕಾದವರಿಗೆ ಹೇಳಿದ್ಯಾ?"

ಈ ವಾರ ಹೇಳ್ತೀನಿ ಅಂದ. ಆ ವಾರ ಭಾವನಿಗೆ ನೆಗಡಿಯಾಗಿತ್ತು. ಮುಂದಿನ ವಾರ ಅಕ್ಕ ಎದುರಿಗಿದ್ದಳು. ಆಮೇಲೆ ಸುಮ್ಮನೆ ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಕೆದಕುವುದು ಅನ್ನಿಸಿತು. ಎಲುಬಿಲ್ಲದ ನಾಲಿಗೆ ಬೈಗುಳಕ್ಕೆ ಎಷ್ಟು ಸಲೀಸಾಗಿ ಹೊರಳುತ್ತಿತ್ತು. ನಾಲ್ಕು ನೆಟ್ಟನೆಯ ಮಾತಿಗೆ ಹೊರಳಲಿಲ್ಲ. ಪ್ರತಿ ತಿಂಗಳ ಮೊದಲ ದಿನ ಅವನು ಅಂಗಡಿಗೆ ಹೋಗಿ, ಮುಚ್ಚಳದೊಳಗಿನ ದೀಪಗಳನ್ನು ಎಣಿಸಿ, ಚಿಮಟ ಹಿಡಿದು ನೆರಳು ನೋಡಿ ಬರುತ್ತಿದ್ದ. ಇಬ್ಬರೂ ಟೀ ಕುಡಿಯುತ್ತಿದ್ದರು. ಭಾವ ಆ ಮೇಜಿನಲ್ಲಿ ಇನ್ನೂ ಎಂಟು ವರ್ಷ ಕೆಲಸ ಮಾಡಿದರು. ಒಂದು ಸಲವೂ ಕಣ್ಣಿನ ದೂರು ಹೇಳಲಿಲ್ಲ. ಆಮೇಲೆ ಒಂದು ಮಳೆಗಾಲದಲ್ಲಿ ಹತ್ತು ದಿನ ಜ್ವರದಲ್ಲಿ ಮಲಗಿದ್ದು, ಹನ್ನೊಂದನೆಯ ದಿನ ಬೆಳಿಗ್ಗೆ ಹೋದರು. ಆ ಹತ್ತು ದಿನವೂ ಅವನು ಮಂಚದ ಪಕ್ಕದಲ್ಲೇ ಇದ್ದ.

ಈಗ ಆ ಬಳೆದೀಪ ಅಕ್ಕನ ಮನೆಯಲ್ಲಿದೆ. ಅವಳು ಅದರ ಕೆಳಗೆ ಅಕ್ಕಿ ಆರಿಸುತ್ತಾಳೆ, ಸೂಜಿಗೆ ದಾರ ಪೋಣಿಸುತ್ತಾಳೆ. ದರ್ಜಿ ಆ ಹೆಸರನ್ನು ಪೂರ್ತಿ ವಾಪಸ್ ತರಲಿಲ್ಲ. ಟೀ ಅಂಗಡಿಯಲ್ಲಿ ಆಗೊಮ್ಮೆ ಈಗೊಮ್ಮೆ ಯಾರಾದರೂ ಕಂಟ್ರಾಕ್ಟರೇ ಅನ್ನುತ್ತಾರೆ, ದೀಪದವನ ಕಿವಿ ಕೆಂಪಾಗುತ್ತದೆ, ಲೋಟವನ್ನು ಕುಕ್ಕಿ ಇಡುತ್ತಾನೆ, ಬೈಯಲು ಬಾಯಿ ತೆರೆದವನು ಮುಚ್ಚಿಕೊಳ್ಳುತ್ತಾನೆ.

ತಿಂಗಳ ಮೊದಲ ದಿನ ಈಗ ಅಕ್ಕನ ಮನೆಗೆ ಹೋಗುತ್ತಾನೆ. ದೀಪ ಹಚ್ಚಿ ಎಣಿಸುತ್ತಾನೆ. ಹೋದ ತಿಂಗಳೂ ಎಣಿಸಿದ, ಹನ್ನೆರಡೂ ಉರಿಯುತ್ತಿದ್ದವು. ಬೆರಳು ಹಿಡಿದ, ನೆರಳಿರಲಿಲ್ಲ. ಅಕ್ಕ ಪ್ರತಿ ಸಲದ ಹಾಗೆಯೇ ಹೇಳಿದಳು, ನಿನ್ನ ಭಾವ ಕೊನೆಯವರೆಗೂ ಅಂತಿದ್ರು ಕಣೋ, ನನ್ನ ಕಣ್ಣು ಉಳಿಸಿದವನು ಅವನೇ ಅಂತ. ಅವನು ತಲೆಯಾಡಿಸಿದ. ಸ್ವಿಚ್ಚು ಸ್ವಲ್ಪ ಸಡಿಲವಾಗಿದೆ, ಮುಂದಿನ ಸಲ ಬಂದಾಗ ಬಿಗಿ ಮಾಡಿಕೊಡುತ್ತೇನೆ ಎಂದು ಹೇಳಿ ಚಪ್ಪಲಿ ಹಾಕಿಕೊಂಡ.